ಕೈ ಕಟ್ಟಿದರೆ ಬಾಯಿ ಕಟ್ಟುವ ಚಿಕ್ಕಪ್ಪ

ಅಥವಾ ಇದನ್ನು ನಾನು ನೋಡಿಯೇ ಇಲ್ಲವೇನೋ. ನೋಡಿರಲು ಸಾಧ್ಯವೂ ಇಲ್ಲ. ಚಿಕ್ಕಪ್ಪನ ಮದುವೆಯಲ್ಲಿ ನಾನು ಎರಡು ವರ್ಷದ ಕೂಸು, ಊಟದ ಮನೆಯ ಮೂಲೆಯಲ್ಲಿ ಯಾರದೋ ರೇಷ್ಮೆ ಸೀರೆಯ ಮೇಲೆ ಮಲಗಿಸಿದ್ದರಂತೆ. ಆದರೂ ಆ ಚಿತ್ರ ನನ್ನ ಕಣ್ಣಲ್ಲೇ ಇದೆ. ಧಾರೆಯ ಹೊತ್ತು, ಚಿಕ್ಕಪ್ಪನ ಎರಡು ಕೈಯೂ ಚಿಕ್ಕಮ್ಮನ ಕೈಗಳ ಜೊತೆ ಒಂದು ತೆಂಗಿನಕಾಯಿಯ ಸುತ್ತ ಸಿಕ್ಕಿಕೊಂಡಿವೆ. ಪುರೋಹಿತರು ಮಂತ್ರ ಹೇಳಿಕೊಡುತ್ತಿದ್ದಾರೆ. ಚಿಕ್ಕಪ್ಪ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಾರೆ. ಒಂದಕ್ಷರ ಹೊರಡುತ್ತಿಲ್ಲ! ಕೊನೆಗೆ ಪುರೋಹಿತರೇ ಎರಡೂ ಕಡೆಯ ಮಂತ್ರ ಹೇಳಿ ಮುಗಿಸಿದರಂತೆ. ಹಾಗೆ ನೋಡಿದರೆ ಚಿಕ್ಕಮ್ಮನನ್ನು ಮದುವೆಯಾದವರು ಪುರೋಹಿತರೇ ಎಂದು ನಮ್ಮಪ್ಪ ಎಲ್ಲ ಹಬ್ಬಗಳಲ್ಲೂ ಹೇಳುತ್ತಿದ್ದರು. ಈ ಚಿತ್ರದಲ್ಲಿ ಎಷ್ಟು ನಡೆದದ್ದು, ಎಷ್ಟು ಅಪ್ಪನ ಬಾಯಿಂದ ಬಂದದ್ದು ಎಂದು ಬಿಡಿಸುವ ಆಸೆಯನ್ನು ನಾನು ಬಿಟ್ಟಾಗಿದೆ.

ಆದರೆ ಒಂದು ಮಾತು ನಿಜ. ನಮ್ಮ ಚಿಕ್ಕಪ್ಪನ ಬಾಯಿಯ ಬೀಗದ ಕೈ ಅವರ ಹತ್ತು ಬೆರಳುಗಳಲ್ಲಿತ್ತು. ಬೆರಳು ಆಡಿದರೆ ನಾಲಗೆ ಆಡುತ್ತಿತ್ತು. ಬೆರಳು ನಿಂತರೆ ಮನುಷ್ಯನೇ ನಿಂತ.

ಚೆನ್ನೈಯ ನುಂಗಂಬಾಕ್ಕಂನ ಒಂದು ಕಂಪನಿಯಲ್ಲಿ ಅವರು ಸ್ಟೆನೋ. ಇಪ್ಪತ್ತಾರು ವರ್ಷ ಇನ್ನೊಬ್ಬರು ಹೇಳಿದ್ದನ್ನು ಕಿವಿಯಲ್ಲಿ ಕೇಳಿ ಬೆರಳಲ್ಲಿ ಬಿಟ್ಟವರು. ಕಿವಿಗೂ ಬೆರಳಿಗೂ ನಡುವೆ ಏನಾದರೂ ಇತ್ತೇ ಎಂದು ಮೇಲಧಿಕಾರಿಗಳೂ ಕೇಳಲಿಲ್ಲ, ಅವರೂ ಹುಡುಕಲಿಲ್ಲ. ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಎದುರಿಗಿದ್ದವರು ಆಡಿದ ಮಾತನ್ನೆಲ್ಲ ಅವರ ಬೆರಳು ತೊಡೆಯ ಮೇಲೋ ಮೇಜಿನ ಮೇಲೋ ಟೈಪ್ ಮಾಡುತ್ತಿತ್ತು. ಬಸ್ಸಿನಲ್ಲಿ ಕಂಬಿಯ ಮೇಲೆ ಟೈಪ್ ಮಾಡುತ್ತಿದ್ದರು. ಡಿಸೆಂಬರ್ ಸಂಗೀತದ ಸೀಸನ್ನಿನಲ್ಲಿ ವಡಪಳನಿ ಬಸ್ಸಿನ ಹಿರಿಯರು ಅವರಿಗೆ ಎದ್ದು ಸೀಟು ಕೊಟ್ಟು, ಈ ಸಲ ಮೃದಂಗ ಯಾವ ಸಭಾದಲ್ಲಿ ಎಂದು ವಿಚಾರಿಸುತ್ತಿದ್ದರು. ಚಿಕ್ಕಪ್ಪ ಅದನ್ನೂ ಟೈಪ್ ಮಾಡಿಕೊಳ್ಳುತ್ತಿದ್ದರು!

ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವರದು ಪಾಳಿಯ ಕೆಲಸ, ಇವರದು ಹತ್ತರಿಂದ ಆರು. ಇಬ್ಬರೂ ಎಚ್ಚರವಾಗಿ ಒಂದೇ ಮನೆಯಲ್ಲಿ ಇರುತ್ತಿದ್ದ ಗಂಟೆಗಳು ಕಡಿಮೆ. ಮಕ್ಕಳಿರಲಿಲ್ಲ. ಹೀಗಾಗಿ ಸಂಸಾರ ನಡೆಯುತ್ತಿದ್ದದ್ದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಹಾಳೆಗಳ ಮೂಲಕ. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಪೆನ್ಸಿಲ್ ಹಿಡಿದು ‘ಹುಳಿ ಬಿಸಿ ಮಾಡ್ಕೊಳಿ’ ಎಂದು ಗೀಚುತ್ತಿದ್ದರು. ಅದಕ್ಕೆ ಉತ್ತರ ಇಂಗ್ಲಿಷಿನಲ್ಲಿ, ಟೈಪಾಗಿ, ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು. ಕನ್ನಡದಲ್ಲಿ ಹೇಳಿದರೆ ಹೀಗೆ: ವಿಷಯ, ಹುಳಿ. ಉಲ್ಲೇಖ, ನಿಮ್ಮ ಇಂದಿನ ಟಿಪ್ಪಣಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಹುಳಿಯನ್ನು ಬಿಸಿ ಮಾಡಿಕೊಳ್ಳಲಾಯಿತು. ಉಪ್ಪಿನ ವಿಷಯದಲ್ಲಿ ಮುಂದಿನ ಕ್ರಮ ಅಪೇಕ್ಷಣೀಯ. ಇದಕ್ಕೆ ಒಂದು ಕಾರ್ಬನ್ ಕಾಪಿ ಬೇರೆ, ಫೈಲಿಗೆ!

ಚಿಕ್ಕಪ್ಪನ ಕೈಬರಹ ಹೇಗಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಹಿ ಇತ್ತು, ಅದು ಬರಹವಲ್ಲ, ಎರಡು ಬೆಟ್ಟ ಮತ್ತು ಒಂದು ಹಾವು.

ಆಮೇಲೆ ಕಂಪನಿಗೆ ಕಂಪ್ಯೂಟರ್ ಬಂತು. ಮೇಲಧಿಕಾರಿಗಳು ತಮ್ಮ ಕಾಗದ ತಾವೇ ಹೊಡೆದುಕೊಳ್ಳತೊಡಗಿದರು. ಚಿಕ್ಕಪ್ಪನಿಗೆ ಒಂದು ಹಾರ, ಸ್ವಯಂ ನಿವೃತ್ತಿಯ ಪತ್ರ, ಜೊತೆಗೆ ಅವರದೇ ಟೈಪ್‌ರೈಟರ್. ನಿವೃತ್ತಿಯ ಪತ್ರವನ್ನು ಅವರೇ ಟೈಪ್ ಮಾಡಿದ್ದು. ತಪ್ಪಿಲ್ಲದೆ ಬಂದಿದೆ ಎಂದು ಮನೆಗೆ ತಂದು ತೋರಿಸಿದರು. ಅದೇ ವರ್ಷವೋ ಮರುವರ್ಷವೋ ಚಿಕ್ಕಮ್ಮನಿಗೆ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಅವರು ಮುಂದೆ ಹೋಗುವುದು, ಚಿಕ್ಕಪ್ಪ ಹಿಂದೆ ಹೋಗಿ ಸೇರಿಕೊಳ್ಳುವುದು ಎಂದು ವೀಸಾ ಏಜೆಂಟ್ ಹೇಳಿದ. ನಡುವೆ ಇದ್ದದ್ದು ಒಂದೇ ಒಂದು ಬಾಗಿಲು: ಇಂಗ್ಲಿಷ್ ಪರೀಕ್ಷೆ. ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ. ಒಟ್ಟಿನಲ್ಲಿ ಇಷ್ಟು ಬರಬೇಕು, ಬಿಡಿಬಿಡಿಯಾಗಿಯೂ ಇಷ್ಟು ಬರಬೇಕು.

ನಾನಾಗ ಎಂ.ಎ. ಮುಗಿಸಿ ಅಣ್ಣಾ ನಗರದ ಒಂದು ಎರಡನೇ ಮಹಡಿಯಲ್ಲಿ ಇದೇ ಪರೀಕ್ಷೆಗೆ ಜನರನ್ನು ತಯಾರು ಮಾಡುತ್ತಿದ್ದೆ. ಕೆಳಗೆ ಮಿಠಾಯಿ ಅಂಗಡಿ, ಮೇಲೆ ನಾವು. ಚಿಕ್ಕಮ್ಮ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು ಹೇಳಿದರು: “ನಿಮ್ಮ ಚಿಕ್ಕಪ್ಪನ ಬಾಯಿ ನಿನ್ ಜವಾಬ್ದಾರಿ ಕಣೇ. ಆರು ತಿಂಗ್ಳಲ್ಲಿ ಕಳಿಸ್ಬಿಡು.”

ಆರು ತಿಂಗಳು! ಅದನ್ನು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಮೊದಲ ಸಲ ನಾನು ಅವರಿಗೆ ಏನೂ ಹೇಳಿಕೊಡಲಿಲ್ಲ. ಜೀವನವಿಡೀ ಇಂಗ್ಲಿಷ್ ಕಾಗದ ಹೊಡೆದವರಿಗೆ ನಾನೇನು ಹೇಳಿಕೊಡುವುದು? ಪರೀಕ್ಷಕರು ಕೇಳಿದ್ದು, ನಿಮ್ಮ ಊರಿನ ಬಗ್ಗೆ ಹೇಳಿ ಎಂದು. ಚಿಕ್ಕಪ್ಪ ಮೇಜಿನ ಮೇಲೆ ಹತ್ತು ಬೆರಳೂರಿ ಶುರು ಮಾಡಿದರು. ತಮ್ಮ ಪ್ರಶ್ನೆ ಕೈಸೇರಿತು. ಅದಕ್ಕಾಗಿ ವಂದನೆಗಳು. ಉತ್ತರವಾಗಿ ತಿಳಿಸುವುದೇನೆಂದರೆ, ಕೆಳಗೆ ಸಹಿ ಮಾಡಿದವನು ಚೆನ್ನೈ ನಗರದ ನಿವಾಸಿಯಾಗಿದ್ದು, ಸದರಿ ನಗರವು ಬಿಸಿಲಿನಿಂದ ಕೂಡಿರುತ್ತದೆ. ಹೆಚ್ಚಿನ ವಿವರ ಬೇಕಾದಲ್ಲಿ ಕೋರಿಕೆಯ ಮೇರೆಗೆ ಒದಗಿಸಲಾಗುವುದು. ನಡುನಡುವೆ ಕಾಮಾ, ಫುಲ್ ಸ್ಟಾಪ್, ನ್ಯೂ ಪ್ಯಾರಾ ಎಲ್ಲವನ್ನೂ ಬಾಯಲ್ಲೇ ಹೇಳಿದರಂತೆ. ಅಲ್ಲಿ ಮಾತನ್ನು ಟೇಪಿಗೆ ಹಿಡಿಯುತ್ತಾರೆ. ಆ ಟೇಪಿನಲ್ಲಿ ಚಿಕ್ಕಪ್ಪನ ಧ್ವನಿ ಎಷ್ಟಿತ್ತೋ, ಮೇಜಿನ ಮೇಲೆ ಬೆರಳಿನ ಮಳೆ ಅದಕ್ಕಿಂತ ಹೆಚ್ಚಿಗೆ ಬಿದ್ದಿರಬೇಕು. ಪರೀಕ್ಷಕರು ದಯವಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ ಎಂದರು. ಚಿಕ್ಕಪ್ಪ ಇಟ್ಟುಕೊಂಡರು. ಅಲ್ಲಿಗೆ ಮುಗಿಯಿತು! ಉಳಿದ ಎಂಟು ನಿಮಿಷ ಟೇಪಿನಲ್ಲಿ ಇರುವುದು ಫ್ಯಾನಿನ ಸದ್ದು.

ಅಂಕ ಬಂತು. ಮಾತಿನದನ್ನು ನೋಡಿ ನಾನು ಮಿಠಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬರವಣಿಗೆಯ ಅಂಕವೂ ಚೆನ್ನಾಗಿರಲಿಲ್ಲ. ಅದರ ಕಡೆ ನಾನು ನೋಡಲೇ ಇಲ್ಲ. ಕಾಗದ ಬರೆದೇ ತಲೆ ನೆರೆಸಿಕೊಂಡವರಿಗೆ ಬರವಣಿಗೆ ತಾನಾಗಿ ಸರಿಹೋಗುತ್ತದೆ, ಸರಿಪಡಿಸಬೇಕಾದ್ದು ಬಾಯಿ, ಎಂದು ಗುರುವಾದ ನಾನು ತೀರ್ಮಾನ ಮಾಡಿದೆ. ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ಎರಡನೇ ಸಲಕ್ಕೆ ನನ್ನದು ಘೋರ ತಪಸ್ಸು. ಪ್ರತಿ ಸಂಜೆ ಅವರ ಎರಡು ಕೈಗೂ ತುಂಬಿದ ಕಾಫಿ ಲೋಟ ಕೊಟ್ಟು ಪ್ರಶ್ನೆ ಕೇಳುತ್ತಿದ್ದೆ. ಲೋಟವೋ ನಿಂಬೆಹಣ್ಣೋ ಎಂದು ಈಗ ಅನುಮಾನ. ವಡಪಳನಿ ಗುಡಿಯ ಮುಂದೆ ನಿಂಬೆಹಣ್ಣು ಕೊಂಡದ್ದು ನೆನಪಿದೆ. ಆದರೆ ಕಾಫಿ ಕೆನೆಗಟ್ಟಿದ್ದೂ ನೆನಪಿದೆ. ಕಾಫಿಯೇ ಇರಲಿ. ಬೆರಳಿಗೆ ಬಿಡುವಿಲ್ಲದಿದ್ದರೆ ಮಾತು ಅನಿವಾರ್ಯವಾಗಿ ಬೇರೆ ದಾರಿ ಹಿಡಿದು ಬಾಯಿಗೆ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ಹದಿನೈದು ದಿನದ ಅಭ್ಯಾಸದ ಫಲ ಕೇಳಿ: ಒಂದು ಮಾತು ಹೊರಬರಲಿಲ್ಲ, ಒಂದು ಹನಿ ಕಾಫಿ ಚೆಲ್ಲಲಿಲ್ಲ. ಆಮೇಲೆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಸದ್ದಿಲ್ಲದೆ ಟೈಪ್ ಮಾಡುವುದು ಎಂದು ಒಪ್ಪಂದವಾಯಿತು. ಮನೆಯಲ್ಲಿ ಸೊಗಸಾಗಿ ನಡೆಯಿತು. ಪರೀಕ್ಷೆಯಲ್ಲಿ ಇದ್ದವರು ಮಹಿಳಾ ಪರೀಕ್ಷಕರು. ಎದುರಿಗೆ ಕೂತ ಐವತ್ತರ ಗಂಡಸು ಎರಡೂ ಕೈ ಜೇಬಿಗೆ ಇಳಿಸಿ ಹಾಗೆ ಕುಲುಕಾಡುತ್ತಿದ್ದರೆ ಅವರು ತಾನೇ ಏನು ತಿಳಿದಾರು? ಶೌಚಾಲಯಕ್ಕೆ ಹೋಗಬೇಕಾಗಿದ್ದರೆ ಹೋಗಿ ಬರಬಹುದು ಎಂದರಂತೆ. ಚಿಕ್ಕಪ್ಪ ಮೇಲಿನವರು ಹೇಳಿದ್ದನ್ನು ಮೀರುವವರಲ್ಲ. ಎದ್ದು ಹೋದರು!

ಮೂರನೇ ಸಲ ನಾನು ಸೋತು ಅಡ್ಡದಾರಿ ಹಿಡಿದೆ. ಬರಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿ ಎಂದೆ. ಅವರು ಅದನ್ನು ಟೈಪ್ ಮಾಡಿಕೊಂಡರು. ಟೈಪ್ ಮಾಡಿದ್ದು ಅವರ ಬೆರಳಿಗೆ ಬಾಯಿಪಾಠವಾಯಿತು. ಬಾಯಿಗೆ ಆಗಲಿಲ್ಲ.

ಇಷ್ಟು ಹೊತ್ತಿಗೆ ಎರಡು ವರ್ಷ ಹತ್ತಿರ ಬಂದಿತ್ತು. ಚಿಕ್ಕಮ್ಮ ಅಲ್ಲಿ ಒಬ್ಬರೇ. ಫೋನ್ ಮಾಡಿದರೆ ಚಿಕ್ಕಪ್ಪನ ಒಂದು ಕೈ ರಿಸೀವರಿಗೆ ಹೋಗಿ ಒಂದು ಕೈ ಮಾತ್ರ ಉಳಿಯುತ್ತಿತ್ತಾದ್ದರಿಂದ ಅವರ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಹಾಗಾಗಿ ವಾರಕ್ಕೊಂದು ಕಾಗದ, ಟೈಪಾಗಿ. ವಿಷಯ, ಕ್ಷೇಮ ಸಮಾಚಾರ. ಉಲ್ಲೇಖ, ನಿಮ್ಮ ಕಳೆದ ತಿಂಗಳ ದೂರವಾಣಿ ಕರೆ. ಚಿಕ್ಕಮ್ಮ ನನಗೆ ಫೋನಿನಲ್ಲಿ ಹೇಳಿದರು: “ಲಕೋಟೆ ಒಡೆಯಕ್ಕೇ ಭಯ ಆಗತ್ತೆ ಕಣೇ. ಬ್ಯಾಂಕಿಂದ ನೋಟೀಸ್ ಬಂದ ಹಾಗಿರತ್ತೆ.” ನಕ್ಕರು. ಆಮೇಲೆ, ಹುಳಿ ಬಿಸಿ ಮಾಡ್ಕೋತಾರಾ ಎಂದು ಕೇಳಿ ಫೋನಿಟ್ಟರು.

ಇನ್ನೊಂದು ಸಲ ಕೂತು ಆಗದಿದ್ದರೆ ಬಿಟ್ಟುಬಿಡುತ್ತೇನೆ ಎಂದು ಚಿಕ್ಕಪ್ಪ ನನಗೆ ಒಂದು ಪತ್ರ ಕೊಟ್ಟರು. ಹೌದು, ಕೊಟ್ಟರು, ಎದುರಿಗೆ ಕೂತು, ಟೈಪ್ ಮಾಡಿದ್ದು.

ನಾಲ್ಕನೇ ಪರೀಕ್ಷೆಯ ದಿನ ಒಂದು ಶನಿವಾರ. ನುಂಗಂಬಾಕ್ಕಂನ ಒಂದು ಹೋಟೆಲಿನ ಸಭಾಂಗಣದಲ್ಲಿ ಬೆಳಗ್ಗೆ ಬರವಣಿಗೆ, ಮಧ್ಯಾಹ್ನ ಮಾತು. ನಾನು ಪಕ್ಕದ ಬೀದಿಯಲ್ಲಿ ನಮ್ಮ ಉಡುಪಿಯವರು ನಡೆಸುವ ಕಾಫಿ ಹೋಟೆಲಿನಲ್ಲಿ ಕಾದು ಕೂತೆ. ಮೂರು ಗಂಟೆಗೆ ಚಿಕ್ಕಪ್ಪ ಬಂದು ಎದುರಿಗೆ ಕೂತರು. ಮುಖ ಬಿಳಿಚಿತ್ತು. ಏನು ಕೇಳಿದರು ಎಂದು ಕೇಳಿದೆ. ಅವರ ಬೆರಳು ಮೇಜಿನ ಮೇಲೆ ಶುರುವಾಯಿತು.

“ಟೈಪಿಂಗ್ ಬಗ್ಗೆ ಕೇಳಿದ್ರು ಕಣೇ.”

ನನಗೆ ಕಣ್ಣಲ್ಲಿ ನೀರು ಬಂತು. ದೇವರಿದ್ದಾನೆ! ವಡಪಳನಿ ಮುರುಗನ ನಿಂಬೆಹಣ್ಣು ಈಗ ಕೆಲಸ ಮಾಡಿದೆ! (ಹಾಗಾದರೆ ನಿಂಬೆಹಣ್ಣು ಇತ್ತು.) ಲಕ್ಷಾಂತರ ಪ್ರಶ್ನೆಗಳ ನಡುವೆ ಈ ಮನುಷ್ಯನಿಗೆಂದೇ ಒಂದು ಪ್ರಶ್ನೆ! ಟೈಪ್ ಮಾಡುವುದನ್ನು ಯಾವಾಗ ಕಲಿತಿರಿ, ಎಂದು ಕೇಳಿದರಂತೆ. ಕೈಯಲ್ಲಿ ಬರೆಯುವುದು ಇಷ್ಟವೋ, ಟೈಪ್ ಮಾಡುವುದು ಇಷ್ಟವೋ? ಕೈಬರಹ ನೋಡಿ ಮನುಷ್ಯನ ಸ್ವಭಾವ ಹೇಳಬಹುದೇ? ಇದಕ್ಕೆಲ್ಲ ಅವರು ತಮ್ಮ ಎಂದಿನ ಶೈಲಿಯಲ್ಲಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉತ್ತರ ಕೊಡುತ್ತಾ ಹೋದರು. ಆಮೇಲೆ ಪರೀಕ್ಷಕರು ಕೇಳಿದರು: ಈಗಲೂ ನೀವು ಕೈಯಲ್ಲಿ ಬರೆಯುವುದು ಏನಾದರೂ ಇದೆಯೇ?

ಇಲ್ಲಿ ಚಿಕ್ಕಪ್ಪನ ಬೆರಳು ಮೇಜಿನ ಮೇಲೆ ನಿಂತವು.

“ಏನಂದ್ರಿ?”

“ನನ್ ಹೆಂಡ್ತಿಗೆ ಕಾಗದ ಬರೀತೀನಿ ಅಂದೆ. ಪ್ರತಿ ಭಾನುವಾರ, ಕೈಯಾರೆ ಬರೀತೀನಿ. ಅವಳು ದೂರ ಇದಾಳೆ, ಟೈಪ್ ಮಾಡಿದ್ರೆ ನನ್ ಕಾಗದ ಅಂತ ಅವಳಿಗೆ ಅನ್ನಿಸಲ್ಲ, ಅದಕ್ಕೇ ಅಂತ. ಇನ್ನೂ ಏನೇನೋ ಹೇಳ್ದೆ. ನಿಲ್ಲಿಸಕ್ಕೇ ಆಗ್ಲಿಲ್ಲ.”

“ಚೆನ್ನಾಗೇ ಹೇಳಿದೀರಲ್ಲ ಚಿಕ್ಕಪ್ಪ.”

“ಬೆರಳು ಆಡ್ಲಿಲ್ಲ ಕಣೇ. ಬಾಯಿ ತಾನಾಗೇ ಹೇಳ್ತು.” ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, “ಎಲ್ಲಾ ಸುಳ್ಳು,” ಎಂದರು.

ಇಪ್ಪತ್ತಾರು ವರ್ಷ ಅವರು ಸಾವಿರಾರು ಕಾಗದಗಳ ಕೆಳಗೆ ‘ನಕಲು ನಿಜ’ ಎಂದು ಹೊಡೆದವರು. ಅಧಿಕಾರಿಯೊಬ್ಬರ ಎದುರಿಗೆ, ಟೇಪು ತಿರುಗುತ್ತಿರುವಾಗ, ಮೂಲವೇ ಇಲ್ಲದ ಹೇಳಿಕೆ ಕೊಟ್ಟುಬಿಟ್ಟಿದ್ದಾರೆ! ಆ ಸಂಕಟ ಅವರಿಗೆ ಕಾಫಿ ಇಳಿಯಗೊಡಲಿಲ್ಲ. ನನ್ನ ಸಂಕಟ ಬೇರೆ. ಈ ಮನುಷ್ಯನ ಬಾಯಿಂದ ಮೊದಲ ಸಲ ಅವರದೇ ಆದ ನಾಲ್ಕು ವಾಕ್ಯ ಬಂದಿವೆ, ಅವನ್ನು ಕೇಳಿದ್ದು ಹೆಸರು ಊರು ಗೊತ್ತಿಲ್ಲದ ಒಬ್ಬ ಪರೀಕ್ಷಕರು. ಕೇಳಬೇಕಾದವರು ಸಮುದ್ರದಾಚೆ ಯಾರದೋ ಮುದುಕರಿಗೆ ಮಾತ್ರೆ ಕೊಡುತ್ತಿದ್ದಾರೆ.

ಸಂಜೆ ಮನೆಗೆ ಹೋಗಿ ನೋಡಿದರೆ ಟೈಪ್‌ರೈಟರಿನಲ್ಲಿ ಹಾಳೆ ಏರಿದೆ, ಎರಡು ಕಾರ್ಬನ್ ಸಮೇತ. ಪರೀಕ್ಷೆ ನಡೆಸುವ ಕಚೇರಿಗೆ. ವಿಷಯ, ಮೌಖಿಕ ಹೇಳಿಕೆಯ ಹಿಂತೆಗೆತ. ಇಂದು ನಡೆದ ಸಂದರ್ಶನದಲ್ಲಿ ಕೆಳಗೆ ಸಹಿ ಮಾಡಿದವನು ತನ್ನ ಪತ್ನಿಗೆ ಸಂಬಂಧಿಸಿದಂತೆ ನೀಡಿದ ಹೇಳಿಕೆಯು ವಾಸ್ತವಕ್ಕೆ ದೂರವಾಗಿರುವುದರಿಂದ, ಅದನ್ನು ಪರಿಗಣಿಸಬಾರದಾಗಿ ಕೋರಲಾಗಿದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ.

ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ಚಚ್ಚಿಕೊಂಡೆನೋ, ಚಚ್ಚಿಕೊಳ್ಳಬೇಕೆನಿಸಿತೋ, ಅಂತೂ ಗೋಡೆ ಹತ್ತಿರವಿತ್ತು. ಕೊನೆಗೆ ಹೇಳಿದೆ: “ಸುಳ್ಳನ್ನ ವಾಪಸ್ ತಗೊಳ್ಳೋ ಬದಲು ನಿಜ ಮಾಡ್ಬಿಡಿ ಚಿಕ್ಕಪ್ಪ. ನಾಳೆ ಭಾನುವಾರ. ಕೂತು ಕೈಯಾರೆ ಬರೀರಿ.”

ಅವರು ಇದನ್ನು ತೊಡೆಯ ಮೇಲೆ ಒಂದು ಸಲ ಟೈಪ್ ಮಾಡಿಕೊಂಡು ನೋಡಿದರು.

“ಪೂರ್ವಾನ್ವಯ ಆಗತ್ತಾ? ಇವತ್ತು ಹೇಳಿದ್ದಕ್ಕೂ ಸೇರತ್ತಾ?”

ಆಗುತ್ತದೆ ಎಂದೆ. ನಾನೂ ಆ ದಿನ ಒಂದು ಸುಳ್ಳು ಹೇಳಿದಂತಾಯಿತು. ಹಿಂತೆಗೆತದ ಪತ್ರ ‘ಬಾಕಿ’ ಎಂಬ ಫೈಲಿಗೆ ಹೋಯಿತು.

ಮರುದಿನ ಬೆಳಗ್ಗೆ ಹತ್ತಕ್ಕೆ ಕೂತವರು ಎದ್ದದ್ದು ಮೂರಕ್ಕೆ. ಟೈಪ್‌ರೈಟರನ್ನು ಮೇಜಿನಿಂದ ಇಳಿಸಿ ಅದಕ್ಕೆ ಬೆನ್ನು ಮಾಡಿ ಕೂತಿದ್ದರು. ಬಲಗೈಯಲ್ಲಿ ಪೆನ್ನು. ಎಡಗೈ ಸುಮ್ಮನಿರಲಾರದೆ ಮೇಜನ್ನು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಮೇಜು ಅದುರಿ, ಪೆನ್ನು ಅದುರಿ, ಅಕ್ಷರ ಅದುರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಹಿಂದಿನಿಂದ ನೋಡಿದೆ. ಕತ್ತು ಒಂದು ಕಡೆ ವಾಲಿತ್ತು, ಒಂದನೇ ಕ್ಲಾಸಿನ ಮಕ್ಕಳದು ವಾಲುವ ಹಾಗೆ. ನಾಲ್ಕು ಹಾಳೆ ಬರೆದರು. ಮಡಿಸಿ, ಅಂಟಿಸಿ, ಮೇಲೆ ವಿಳಾಸ ಮಾತ್ರ ಟೈಪ್ ಮಾಡಿ, ಸೋಮವಾರ ತಾವೇ ಹೋಗಿ ಅಂಚೆಗೆ ಹಾಕಿ ಬಂದರು.

“ಕಾಪಿ?” ಎಂದೆ, ತಮಾಷೆಗೆ.

“ಇಲ್ಲ,” ಎಂದರು. ಅವರ ಆಯುಷ್ಯದಲ್ಲಿ ನಕಲಿಲ್ಲದೆ ಹೊರಟ ಕಾಗದ ಬಹುಶಃ ಅದೊಂದೇ.

ಎರಡು ವಾರಕ್ಕೆ ಫಲಿತಾಂಶ ಬಂತು. ನಾನು ಲಕೋಟೆ ಒಡೆದು ನೇರವಾಗಿ ಮಾತಿನ ಅಂಕ ನೋಡಿದೆ. ಸಾಕಾಗಿತ್ತು! ಬೇಕಾದದ್ದಕ್ಕಿಂತ ಅರ್ಧ ಹೆಚ್ಚೇ ಇತ್ತು! ಚಿಕ್ಕಪ್ಪನ ಭುಜ ಹಿಡಿದು ಅಲ್ಲಾಡಿಸಿದೆ. ಅವರು ಕಾಗದವನ್ನು ಕೈಗೆ ತೆಗೆದುಕೊಂಡು, ಪ್ರೂಫ್ ನೋಡುವವರಂತೆ ಬೆರಳಿಟ್ಟು ಸಾಲು ಸಾಲು ಓದಿ, ಒಂದು ಕಡೆ ನಿಲ್ಲಿಸಿದರು. ಬರವಣಿಗೆ. ಅರ್ಧ ಅಂಕ ಕಡಿಮೆ.

ಆ ಕಾಲದಲ್ಲಿ ಆ ಪರೀಕ್ಷೆಯ ಬರವಣಿಗೆ ಪೆನ್ಸಿಲ್ಲಿನಲ್ಲಿ, ಕೈಯಾರೆ. ಇದು ನನಗೆ ಗೊತ್ತಿತ್ತು. ವಾರಕ್ಕೆ ನಲವತ್ತು ಜನಕ್ಕೆ ಪೆನ್ಸಿಲ್ ಚೂಪು ಮಾಡಿಕೊಂಡು ಹೋಗಿ ಎಂದು ಹೇಳುತ್ತಿದ್ದವಳೇ ನಾನು. ನಾಲ್ಕು ಸಲವೂ ಅವರ ಬರವಣಿಗೆ ಬಿದ್ದಿತ್ತು. ಮೊದಲನೆಯದು ಬಿಟ್ಟು ಮೂರು ಸಲವೂ ನಾನು ಬಾಯಿಗೆ ಔಷಧಿ ಮಾಡಿದೆ. ಹದಿನೈದು ದಿನ ಕಾಫಿ ಲೋಟ ಹಿಡಿಸಿದ ಕೈಗೆ ಒಂದು ಕಾಪಿ ಪುಸ್ತಕ ಕೊಟ್ಟು ಅಕ್ಷರ ತಿದ್ದಿಸಿದ್ದರೆ! ಆದರೆ ಟೈಪಿಸ್ಟಿಗೆ ಯಾರಾದರೂ ಬರೆಯುವುದನ್ನು ಕಲಿಸುತ್ತಾರೆಯೇ? ನೀವು ಕಲಿಸುತ್ತಿದ್ದಿರಾ? ನನ್ನನ್ನು ಯಾರೂ ಬೈಯಲಿಲ್ಲ. ಚಿಕ್ಕಪ್ಪ ಆ ಸಂಜೆ ನನಗೆ ಟೈಪ್ ಮಾಡಿದ ಒಂದು ಧನ್ಯವಾದ ಪತ್ರ ಕೊಟ್ಟರು. ಅದನ್ನು ಓದಲು ನನಗೆ ಧೈರ್ಯವಾಗಲಿಲ್ಲ. ಇನ್ನೂ ಎಲ್ಲೋ ಇದೆ.

ಮೂರು ತಿಂಗಳಿಗೆ ಚಿಕ್ಕಮ್ಮ ಕೆಲಸ ಬಿಟ್ಟು ವಾಪಸು ಬಂದರು. ಫಲಿತಾಂಶ ಕೇಳಿ ಕೈಚೆಲ್ಲಿದರು ಎಂದು ನಾವೆಲ್ಲ ತಿಳಿದೆವು. ಮನೆಯಲ್ಲಿ ಅದೇ ಕಥೆ ನಿಂತಿತು: ಚಿಕ್ಕಪ್ಪನಿಗೆ ಅರ್ಧ ಅಂಕ ಬರದೆ ಚಿಕ್ಕಮ್ಮನ ಬದುಕು ಅರ್ಧಕ್ಕೆ ಬಂತು. ಅಪ್ಪ ಅದನ್ನೂ ಹಬ್ಬಗಳಲ್ಲಿ ಹೇಳತೊಡಗಿದರು. ಕೇಳುವಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಇದಾಗಿ ನಾಲ್ಕೈದು ವರ್ಷದ ಮೇಲೆ ಒಂದು ಮಧ್ಯಾಹ್ನ ವಡಪಳನಿಯ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಮುಂದಿನ ಕೋಣೆಯಲ್ಲಿ ಕುರ್ಚಿಯ ತೋಳಿನ ಮೇಲೆ ಟಿ.ವಿ. ವಾರ್ತೆಯನ್ನು ಟೈಪ್ ಮಾಡುತ್ತಾ ಕೂತಿದ್ದರು. ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, ಬಾಗಿಲು ಓರೆ ಮಾಡಿ, ಬೀರುವಿನಿಂದ ಒಂದು ಲಕೋಟೆ ತೆಗೆದರು. ವಿಳಾಸ ಟೈಪಾಗಿತ್ತು.

“ಇದನ್ನ ಓದಿ ಹೇಳೇ. ನಿಂಗೆ ಎಂತೆಂಥವರ ಪೇಪರ್ ಓದಿ ಅಭ್ಯಾಸ ಇದೆ.”

ನಾಲ್ಕು ಹಾಳೆ. ಎರಡೂ ಅಂಚಿನವರೆಗೆ ಒತ್ತಾಗಿ ತುಂಬಿದ್ದವು. ನಾನು ಕಿಟಕಿಯ ಹತ್ತಿರ ಹೋದೆ. ತಲೆಕೆಳಗೂ ಮಾಡಿದೆ. ಸಾಲಿದೆ, ಪದಗಳ ನಡುವೆ ಜಾಗವಿದೆ, ಕೊನೆಯಲ್ಲಿ ಆ ಎರಡು ಬೆಟ್ಟ ಮತ್ತು ಹಾವು ಇವೆ. ಉಳಿದದ್ದು ಕನ್ನಡವೋ ಇಂಗ್ಲಿಷೋ ಎಂದು ಹೇಳುವುದಕ್ಕೂ ನನ್ನಿಂದಾಗಲಿಲ್ಲ. ಅದುರಿ ಅದುರಿ ಹೋದ ಗೆರೆಗಳು, ಇರುವೆಗಳು ಗಾಬರಿಯಾಗಿ ಓಡಿದ ಹಾಗೆ.

ಶಾರ್ಟ್‌ಹ್ಯಾಂಡ್ ಇರಬಹುದೇ ಎಂದೆ. ಚಿಕ್ಕಮ್ಮ ಸ್ವಲ್ಪ ಯೋಚಿಸಿ ಮೂರನೇ ಹಾಳೆಯನ್ನು ಮಾತ್ರ ಕೊಟ್ಟರು. ನಡುವಿನ ಹಾಳೆಯಲ್ಲಿ ಗುಟ್ಟೇನೂ ಇರಲಾರದು ಎಂಬುದು ಅವರ ಲೆಕ್ಕ. ಅದೇ ಬೀದಿಯಲ್ಲಿ ಇನ್ನೂ ಮುಚ್ಚದೆ ಉಳಿದಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರಿಗೆ ತೋರಿಸಿ ಬಂದೆ. ಅವರು ಕನ್ನಡಕ ಏರಿಸಿ, ಇಳಿಸಿ, ತಮಿಳಿನಲ್ಲಿ ಹೇಳಿದರು: “ಇದು ಶಾರ್ಟ್‌ಹ್ಯಾಂಡ್ ಇಲ್ಲೆ ಮಾ. ಲಾಂಗ್‌ಹ್ಯಾಂಡೂ ಇಲ್ಲೆ.”

ಹಾಳೆಯನ್ನು ತಂದು ಹಿಂದಕ್ಕೆ ಕೊಟ್ಟೆ. ಅವರನ್ನೇ ಕೇಳಿಬಿಡೋಣ ಎಂದೆ.

“ಬೇಡ. ಓದಿದೀನಿ ಅಂತ ಹೇಳ್ಬಿಟ್ಟಿದೀನಿ.”

“ಯಾವಾಗ?”

“ಬಂದ ದಿನಾನೇ. ಏರ್‌ಪೋರ್ಟಲ್ಲಿ. ನಿಮ್ ಕಾಗದ ಓದ್ದೆ, ಅದಕ್ಕೇ ಬಂದೆ ಅಂದೆ.”

“ರಿಸಲ್ಟ್ ನೋಡಿ ಬಂದಿದ್ದಲ್ವಾ ನೀವು?”

“ಇಲ್ವೇ. ಇದು ಕೈಗೆ ಬಂದ ದಿನ ಸಾಯಂಕಾಲಾನೇ ಕೆಲಸ ಬಿಡ್ತೀನಿ ಅಂತ ನೋಟೀಸ್ ಕೊಟ್ಟೆ. ರಿಸಲ್ಟ್ ಆಮೇಲೆ ನೀನು ಹೇಳಿದ್ದು.” ಹಾಳೆಗಳನ್ನು ಹಳೆಯ ಮಡಿಕೆಯಲ್ಲೇ ಮಡಿಸಿದರು. “ಹುಳಿಗೆ ಉಪ್ಪಿಲ್ಲ ಅನ್ನೋದನ್ನೂ ಟೈಪ್ ಮಾಡೋ ಮನುಷ್ಯ ನಾಲ್ಕು ಪುಟ ಕೈಯಲ್ಲಿ ಬರ್ದಿದಾರೆ. ಓದಕ್ಕೆ ಬೇರೆ ಬೇಕಾ? ಬಾ ಅಂತಾನೇ ಇರತ್ತೆ.”

ಆ ಭಾನುವಾರ ಚಿಕ್ಕಪ್ಪನಿಗೆ ತಾನು ಪಾಸಾಗುತ್ತೇನೆ ಎಂಬ ನಂಬಿಕೆ ಇದ್ದಿರಬಹುದು. ನಾನೇ ತುಂಬಿದ್ದೆ. ಇನ್ನೇನು ಬಂದುಬಿಡುತ್ತೇನೆ, ಸ್ವಲ್ಪ ದಿನ ತಾಳು, ಕೆಲಸ ಬಿಡಬೇಡ, ಎಂದೇ ಅವರು ಬರೆದಿರಬಹುದು. ಅಥವಾ ಪರೀಕ್ಷಕರಿಗೆ ಹೇಳಿದ ಆ ಸುಳ್ಳನ್ನು, ಕ್ಷಮೆ ಕೇಳುತ್ತಾ, ನಾಲ್ಕು ಪುಟ ಉದ್ದಕ್ಕೂ ವರದಿ ಮಾಡಿರಬಹುದು. ಅಥವಾ ಚಿಕ್ಕಮ್ಮ ಅಂದುಕೊಂಡದ್ದೇ ಸರಿಯಿರಬಹುದು.

“ನೀವು ಓದ್ದೆ ಅಂದಾಗ ಚಿಕ್ಕಪ್ಪ ಏನಂದ್ರು?”

“ಏನೂ ಅನ್ಲಿಲ್ಲ. ಏನ್ ಅಂತಾರೆ? ನನ್ ಸೂಟ್‌ಕೇಸ್ ಹಿಡ್ಕೊಂಡಿದ್ರು, ಎರಡೂ ಕೈಲಿ.”

ಹೊರಗೆ ವಾರ್ತೆ ಮುಗಿದು ಜಾಹೀರಾತು ಶುರುವಾಗಿತ್ತು. ಕುರ್ಚಿಯ ತೋಳಿನ ಮೇಲೆ ಬೆರಳಿನ ಸದ್ದು ನಿಂತಿರಲಿಲ್ಲ. ಚಿಕ್ಕಮ್ಮ ಲಕೋಟೆಯನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು, ಕಾಫಿ ಮಾಡಲು ಎದ್ದರು. ಆ ನಾಲ್ಕು ಪುಟದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಚಿಕ್ಕಮ್ಮನಿಗೂ ಗೊತ್ತಿಲ್ಲ. ಅವರು ಅದನ್ನು ಓದಿಲ್ಲವೆಂಬುದು ಚಿಕ್ಕಪ್ಪನಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.